ಹಲ್ಲು ತೆಗೆಸುವ ಮೊದಲು ಆ ಎಲುಬನ್ನೂ ಒಮ್ಮೆ ನೋಡಿ ಮಾರ್ರೆ

ಓಪಿಜಿ ಗೊತ್ತುಂಟಲ್ಲ, ಹಲ್ಲಿನ ಡಾಕ್ಟ್ರು ಬರೆದು ಕೊಡ್ತಾರೆ, ಮೆಷಿನ್ ಮಂಡೆಯ ಸುತ್ತ ಒಂದು ಸುತ್ತು ತಿರುಗಿ ಎರಡು ದವಡೆ, ಅಷ್ಟೂ ಹಲ್ಲು ಒಂದೇ ಫಿಲ್ಮಿನಲ್ಲಿ ಬರುವ ಎಕ್ಸ್‌ರೇ. ಅದನ್ನು ತೆಗೆಯುದೇ ನನ್ನ ಕೆಲಸ, ಮಂಗಳೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ. ದಿನವಿಡೀ ಅದೇ ಮಂತ್ರ: ಓಲೆ ತೆಗೀರಿ, ಸರ ತೆಗೀರಿ, ಸೆಟ್ ಹಲ್ಲಿದ್ರೆ ಅದನ್ನೂ ತೆಗ್ದಿಡಿ, ಇದನ್ನು ಎದುರಿನ ಹಲ್ಲಲ್ಲಿ ಕಚ್ಚಿ ಹಿಡೀರಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಡಿ, ಅಲ್ಲಾಡ್ಬೇಡಿ. ಓಲೆ ತೆಗೆಯದಿದ್ರೆ ಅದರ ನೆರಳು ಆಚೆ ಬದಿಯ ದವಡೆ ಮೇಲೆ ಹೋಗಿ ಮಸುಕಾಗಿ ಬೀಳ್ತದೆ, ಆಮೇಲೆ ಇದೆಂತ ಗಡ್ಡೆಯಾ ಅಂತ ಯಾರಾದ್ರೂ ಮಂಡೆಬಿಸಿ ಮಾಡ್ಕೊಳ್ಬೇಕು, ಅಷ್ಟಕ್ಕೇ ನಾನು ಅಷ್ಟು ಒತ್ತಾಯ ಮಾಡುದು.

ಆ ಫಿಲ್ಮಿನಲ್ಲಿ ಎಲ್ಲರ ಕಣ್ಣೂ ಹೋಗುದು ಮಧ್ಯಕ್ಕೆ, ಹಲ್ಲಿಗೆ. ತಪ್ಪೇನಿಲ್ಲ, ಅದಕ್ಕೇ ತೆಗೆಸಿದ್ದು. ಆದ್ರೆ ಎಡಕ್ಕೆ ಬಲಕ್ಕೆ ಎರಡೂ ಕೊನೆಯಲ್ಲಿ, ಕಿವಿಯ ಅಡಿಯಿಂದ ಹೊರಟು ದವಡೆ ಎಲುಬಿನ ಹಿಂದುಗಡೆ ಓರೆಯಾಗಿ ಇಳಿಯುವ ಒಂದು ಸಪೂರ ಬಿಳಿ ಗೆರೆ ಕಾಣ್ತದೆ. ಕೆಲವರದ್ದು ಇಷ್ಟೇ ಇಷ್ಟು, ಕೆಲವರದ್ದು ದವಡೆಯ ಮೂಲೆ ದಾಟಿ ಹೋಗಿರ್ತದೆ, ಕೆಲವರದ್ದು ತುಂಡು ತುಂಡಾಗಿ. ಸ್ಟೈಲಾಯ್ಡ್ ಪ್ರೊಸೆಸ್ ಅಂತ ಅದರ ಹೆಸರು. ಹೆಚ್ಚಿನ ರಿಪೋರ್ಟಿನಲ್ಲಿ ಅದರ ಬಗ್ಗೆ ಒಂದು ಸಾಲು ಸಹ ಇರುದಿಲ್ಲ.

ನಾನು ಡಾಕ್ಟರ್ ಅಲ್ಲ, ಅದು ಮೊದಲೇ ಹೇಳಿಬಿಡ್ತೇನೆ. ಆದ್ರೆ ನಮ್ಮ ಚಿಕ್ಕಮ್ಮನ ಕಥೆ ಆದ ಮೇಲೆ ಇದನ್ನು ಬರೆಯದಿದ್ರೆ ನಂಗೆ ಸಮಾಧಾನ ಇಲ್ಲ.

ಚಿಕ್ಕಮ್ಮ ಕಾಪುವಿನವರು, ಮನೆಯಲ್ಲೇ ಟೈಲರಿಂಗ್. ಅವರಿಗೆ ಶುರುವಾದದ್ದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ. ನಮ್ಮ ಕಡೆ ಇದು ಯಾರಿಗೂ ದೊಡ್ಡ ಸಂಗತಿ ಅಲ್ಲ, ಬಂಗುಡೆ ಬೂತಾಯಿ ತಿನ್ನುವ ಮನೆಯಲ್ಲಿ ಮುಳ್ಳು ಸಿಕ್ಕುದೂ ಅನ್ನದ ಉಂಡೆ ನುಂಗುದೂ ಇದ್ದದ್ದೇ. ಉಂಡೆ ನುಂಗಿದ್ರು, ಬಾಳೆಹಣ್ಣು ನುಂಗಿದ್ರು, ಮುಳ್ಳು ಹೋಗ್ಲಿಲ್ಲ. ಕ್ಯಾಮೆರಾ ಹಾಕಿ ನೋಡಿಸಿದ್ರೆ ಅಲ್ಲಿ ಎಂತದೂ ಇಲ್ಲ. ಇಲ್ಲದ ಮುಳ್ಳು ನುಂಗಿದಾಗಲೆಲ್ಲ ಚುಚ್ಚುದು ಹೇಗೆ? ಟೆನ್ಶನ್ ಅಂತ ಹೇಳಿ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ರು. ಆಮೇಲೆ ನೋವು ಮೆಲ್ಲ ಕಿವಿಗೆ ಹತ್ತಿತು, ಕಿವಿಯಿಂದ ಎಡಗೆನ್ನೆಗೆ, ಕೆನ್ನೆಯಿಂದ ಕಣ್ಣಿನ ಕೆಳಗಿನವರೆಗೆ. ಆಟಿ ತಿಂಗಳಿನ ಮಳೆ, ಗಾಳಿ, ಕಿವಿಗೆ ಶೀತ ಹೊಕ್ಕಿದ್ದು ಅಂತ ಬಿಸಿ ಉಪ್ಪಿನ ಗಂಟು ಇಟ್ಟದ್ದಾಯ್ತು, ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಂಡದ್ದೂ ಆಯ್ತು. ಕೊನೆಗೆ ಕೆನ್ನೆ ನೋವು ಅಂದ್ರೆ ಹಲ್ಲೇ ಅಂತ ತೀರ್ಮಾನ ಆಗಿ, ಒಂದು ಕಡೆ ಮೇಲಿನ ದವಡೆ ಹಲ್ಲೊಂದು ಹೋಯ್ತು, ನೋವು ಹೋಗ್ಲಿಲ್ಲ, ಪಕ್ಕದ್ದೂ ಹೋಯ್ತು. "ಹಲ್ಲು ಹೋದದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ, ನೋವೂ ಹೋಗಿದ್ರೆ ಆಗಿತ್ತು" ಅಂತ ಫೋನಲ್ಲಿ ಹೇಳಿದ್ರು, ನಗಾಡಿಕೊಂಡೇ.

ಆಮೇಲೆ ಉಡುಪಿಯಲ್ಲಿ ಒಬ್ಬರು ಇಎನ್‌ಟಿ ಡಾಕ್ಟ್ರು ಸಿಕ್ಕಿದ್ರು, ಸಣ್ಣ ಪ್ರಾಯದವರು. ಅವರು ಕೇಳಿದ್ದು ಬೇರೆಯೇ ಪ್ರಶ್ನೆ. ಎಡಗಡೆ ಕುತ್ತಿಗೆ ತಿರುಗಿಸುವಾಗ ಜಾಸ್ತಿ ಆಗ್ತದಾ? ಆಕಳಿಸುವಾಗ? ನಾಲಿಗೆ ಪೂರ್ತಿ ಹೊರಗೆ ಚಾಚಿದ್ರೆ? ಸಣ್ಣದಿರುವಾಗ ಟಾನ್ಸಿಲ್ ಆಪರೇಶನ್ ಆಗಿದೆಯಾ? ಎಲ್ಲದಕ್ಕೂ ಹೌದು. ಟಾನ್ಸಿಲ್ ತೆಗೆದದ್ದು ಚಿಕ್ಕಮ್ಮ ಶಾಲೆಗೆ ಹೋಗುವಾಗ, ಅದನ್ನು ಅವರೇ ಮರೆತಿದ್ದರು. ಗ್ಲೌಸ್ ಹಾಕಿ ಬೆರಳು ಬಾಯೊಳಗೆ ಹಾಕಿ, ಟಾನ್ಸಿಲ್ ಇದ್ದ ಗುಂಡಿಯನ್ನು ಮೆಲ್ಲ ಒತ್ತಿದ್ರು ಅಷ್ಟೇ, ಚಿಕ್ಕಮ್ಮ ಕುರ್ಚಿಯಿಂದ ಎದ್ದೇಬಿಟ್ರು. ಅದೇ ನೋವು, ಅದೇ ದಾರಿ, ಕಿವಿಗೆ, ಕೆನ್ನೆಗೆ. ಬೆರಳಿಗೆ ಒಳಗೆ ಗಟ್ಟಿ ಎಲುಬು ಸಿಕ್ಕುತ್ತಾ ಇತ್ತಂತೆ, ಸಾಧಾರಣ ಜನಕ್ಕೆ ಅಲ್ಲಿ ಮೆತ್ತಗಿರ್ತದೆ. ಅಲ್ಲೇ ಒಂಚೂರು ಲಿಗ್ನೊಕೇನ್, ಅಂದ್ರೆ ಮರಗಟ್ಟುವ ಔಷಧ, ಕೊಟ್ಟು ಕೂರಿಸಿದ್ರು, ಸ್ವಲ್ಪ ಹೊತ್ತಿಗೆ ಕೆನ್ನೆ ಹಗುರ ಆಯ್ತು. ಚಿಕ್ಕಪ್ಪನ ಕೈಯಲ್ಲಿ ಹಳೇ ಓಪಿಜಿಯ ಕವರ್ ಇತ್ತು, ಡಾಕ್ಟ್ರು ಅದನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ಮಧ್ಯಕ್ಕೆ ನೋಡದೆ ಕೊನೆಗೆ ನೋಡಿದ್ರು, ಎಡಬದಿಯ ಆ ಗೆರೆ ದವಡೆಯ ಮೂಲೆ ದಾಟಿ ಇಳಿದಿತ್ತು.

ನಂಗೆ ಉರಿಯುದು ಇಲ್ಲಿಯೇ. ಆ ಫಿಲ್ಮ್ ತೆಗೆಸಿದ್ದು ಎರಡು ಹಲ್ಲು ಕೀಳುವ ಮೊದಲು. ಎರಡು ಹಲ್ಲು ಇದ್ದ ಫಿಲ್ಮಿನಲ್ಲೇ ಆ ಎಲುಬೂ ಇತ್ತು.

ಈಗ ಆ ಎಲುಬಿನ ಕಥೆ. ತಲೆಬುರುಡೆಯ ತಳದಲ್ಲಿ, ಕಿವಿಯ ಭಾಗದ ಟೆಂಪೊರಲ್ ಎಲುಬಿನ ಅಡಿಯಿಂದ ಹೊರಟು ಕುತ್ತಿಗೆಯ ಒಳಗೆ ಕೆಳಗೂ ಮುಂದಕ್ಕೂ ಇಳಿಯುವ ಚೂಪು ಎಲುಬು ಇದು. ಸಾಧಾರಣ 2.5 ರಿಂದ 3 ಸೆಂಟಿಮೀಟರ್ ಉದ್ದ, ಅದಕ್ಕಿಂತ ಜಾಸ್ತಿ ಇದ್ರೆ ಉದ್ದ ಬೆಳೆದದ್ದು ಅಂತ ಲೆಕ್ಕ. ತುದಿಯಿಂದ ಒಂದು ಲಿಗಮೆಂಟ್, ಅಂದ್ರೆ ಎಲುಬುಗಳನ್ನು ಕಟ್ಟುವ ಗಟ್ಟಿ ನಾರು, ಹೊರಟು ಗಂಟಲಿನ ಹಯಾಯ್ಡ್ ಎಲುಬಿಗೆ ಹೋಗಿ ಸೇರ್ತದೆ, ಮೂರು ಸ್ನಾಯುಗಳೂ ಇದರಿಂದಲೇ ಹೊರಡುದು, ಒಂದು ನಾಲಿಗೆಗೆ, ಒಂದು ಗಂಟಲಿನ ಗೋಡೆಗೆ, ಒಂದು ಹಯಾಯ್ಡಿಗೆ, ಹಾಗಾಗಿ ನುಂಗುದು, ಮಾತಾಡುದು, ನಾಲಿಗೆ ಚಾಚುದು ಎಂತ ಮಾಡಿದ್ರೂ ಈ ಜಾಗದಲ್ಲಿ ಸ್ವಲ್ಪ ಎಳೆತ ಇದ್ದೇ ಇದೆ.

ಮತ್ತೆ ಇದರ ನೆರೆಕರೆ ನೋಡಿ. ಮುಖದ ಸ್ನಾಯುಗಳನ್ನೆಲ್ಲ ಆಡಿಸುವ ಫೇಶಿಯಲ್ ನರ್ವ್ ಬುರುಡೆಯಿಂದ ಹೊರಗೆ ಬರುವ ತೂತು ಇದರ ಬುಡದ ಹಿಂದೆಯೇ. ನಾಲಿಗೆಯ ಬುಡ, ಟಾನ್ಸಿಲ್, ಕಿವಿಯ ಒಳಗಿನ ಸ್ಪರ್ಶಕ್ಕೆಲ್ಲ ಸಂಬಂಧಪಟ್ಟ ಗ್ಲಾಸೊಫ್ಯಾರಿಂಜಿಯಲ್ ನರ್ವ್ ಪಕ್ಕದಲ್ಲೇ ಸುತ್ತಿಕೊಂಡು ಹೋಗುದು. ಮೆದುಳಿಗೆ ರಕ್ತ ಕೊಂಡುಹೋಗುವ ಕ್ಯಾರೊಟಿಡ್ ಒಂದು ಬದಿ, ಮುಖಕ್ಕೆ ಕೊಂಡುಹೋಗುವ ಕ್ಯಾರೊಟಿಡ್ ಇನ್ನೊಂದು ಬದಿ, ಎರಡರ ಮಧ್ಯೆ ಇದರ ತುದಿ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಒಂದು ಎಲುಬು ಒಂದು ಸೆಂಟಿಮೀಟರ್ ಜಾಸ್ತಿ ಬೆಳೆದ್ರೆ, ಅಥವಾ ಉದ್ದ ಸರಿಯಿದ್ದೂ ಒಳಗಡೆಗೆ ಓರೆಯಾಗಿ ಬಗ್ಗಿದ್ರೆ, ಯಾವುದಕ್ಕಾದ್ರೂ ತಾಗದೆ ಇರ್ತದಾ? ಗಂಟಲಿನ ನರಕ್ಕೆ ತಾಗಿದ್ರೆ ಮುಳ್ಳು, ಕಿವಿನೋವು. ಕ್ಯಾರೊಟಿಡ್ ಗೋಡೆಯಲ್ಲಿರುವ ನರದ ಬಲೆಗೆ ತಾಗಿದ್ರೆ ನೋವು ಆ ರಕ್ತನಾಳದ ದಾರಿ ಹಿಡಿದು ಕೆನ್ನೆಗೋ ಕಣ್ಣಿನ ಮೇಲಕ್ಕೋ ಹತ್ತುದು. ನೋವು ಇರುದು ಒಂದು ಕಡೆ, ಅದು ಕಾಣುದು ಇನ್ನೊಂದು ಕಡೆ, ಅದಕ್ಕೇ ಚಿಕ್ಕಮ್ಮನಿಗೆ ಗಂಟಲು ಕಿವಿ ಹಲ್ಲು ಅಂತ ಮೂರು ಮೂರು ಡಾಕ್ಟರ ಬಾಗಿಲು.

ಈ ಎಲುಬು ಉದ್ದ ಆಗುದು ಯಾಕೆ ಅಂತ ಖಡಾಖಂಡಿತ ಒಂದೇ ಉತ್ತರ ಇಲ್ಲ. ಒಂದು ವಿಷಯ ಮಾತ್ರ ಓದಿ ನಂಗೆ ಭಾರೀ ಖುಷಿಯಾಯ್ತು. ಮಗು ಹೊಟ್ಟೆಯಲ್ಲಿರುವಾಗ ರೈಕರ್ಟ್ ಕಾರ್ಟಿಲೇಜ್ ಅಂತ ಒಂದು ಮೆದು ಪಟ್ಟಿ ಇರ್ತದೆ, ಕಿವಿಯೊಳಗಿನ ಸ್ಟೇಪಿಸ್ ಎಲುಬಿನ ಒಂದು ಭಾಗ, ಈ ಸ್ಟೈಲಾಯ್ಡ್, ಆ ಲಿಗಮೆಂಟ್, ಹಯಾಯ್ಡಿನ ಸಣ್ಣ ಕೊಂಬು, ಎಲ್ಲ ಅದೇ ಪಟ್ಟಿಯಿಂದ ಆಗುದು. ಲಿಗಮೆಂಟಿನ ಒಳಗೆ ಎಲುಬಾಗುವ ಆ ಹಳೇ ಗುಣ ಉಳಿದಿದ್ರೆ ಮುಂದೆ ಪ್ರಾಯ ಆಗ್ತಾ ಅಲ್ಲೂ ಎಲುಬಾಗ್ತದೆ. ತುಂಡು ತುಂಡಾಗಿ ಕಾಣುವ ಫಿಲ್ಮಿನ ಗುಟ್ಟು ಇದೇ.

ಹೊಸ ಕಾಯಿಲೆಯೂ ಅಲ್ಲ ಇದು. ಇಟಲಿಯ ಪಾಡುವಾದಲ್ಲಿ ಮಾರ್ಕೆಟ್ಟಿ ಅಂತ ಒಬ್ಬರು 1652ರಲ್ಲೇ ಈ ಲಿಗಮೆಂಟ್ ಎಲುಬಾದದ್ದನ್ನು ಬರೆದಿಟ್ಟಿದ್ದಾರೆ. ನೋವಿಗೂ ಇದಕ್ಕೂ ಸರಿಯಾಗಿ ಗಂಟು ಹಾಕಿದವರು ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಇಎನ್‌ಟಿ ಡಾಕ್ಟರ್ ವ್ಯಾಟ್ ಈಗಲ್, 1937ರಲ್ಲಿ. ಅದಕ್ಕೇ ಈಗಲ್ ಸಿಂಡ್ರೋಮ್ ಅಂತ ಹೆಸರು, ಹದ್ದಿಗೂ ಇದಕ್ಕೂ ಸಂಬಂಧ ಇಲ್ಲ, ಚಿಕ್ಕಪ್ಪ ಕೇಳಿದ್ರು ಅಂತ ಹೇಳ್ತಾ ಇದ್ದೇನೆ. ಡಾಕ್ಟರ್ ಈಗಲ್ ಎರಡು ವಿಧ ಹೇಳಿದ್ರು. ಟಾನ್ಸಿಲ್ ತೆಗೆದವರಲ್ಲಿ ಗಂಟಲು ಕಿವಿ ನೋವು ಬರುವ ಕ್ಲಾಸಿಕ್ ವಿಧ, ಟಾನ್ಸಿಲಿಗೆ ಸಂಬಂಧ ಇಲ್ಲದೆ ರಕ್ತನಾಳಕ್ಕೆ ತಾಗಿ ಮುಖ ಮಂಡೆ ನೋಯುವ ಕ್ಯಾರೊಟಿಡ್ ವಿಧ. ಚಿಕ್ಕಮ್ಮನದ್ದು ಎರಡೂ ಸೇರಿದ ಹಾಗೆ ಕಾಣ್ತದೆ, ಪುಸ್ತಕದಲ್ಲಿ ಬರೆದಷ್ಟು ಚೊಕ್ಕವಾಗಿ ಕಾಯಿಲೆ ಯಾರಿಗೆ ಬರ್ತದೆ ಹೇಳಿ.

ಮುಖದ ನೋವಿಗೆ ಇನ್ನೊಂದು ಹೆಸರು ಬೇಗ ಬೀಳುದು ಟ್ರೈಜೆಮಿನಲ್ ನ್ಯೂರಾಲ್ಜಿಯ. ಅದು ಶಾಕ್ ಹೊಡೆದ ಹಾಗೆ, ಸೆಕೆಂಡುಗಳ ಲೆಕ್ಕ, ಮುಖ ತೊಳೆದ್ರೆ, ಬ್ರಶ್ ಮಾಡಿದ್ರೆ, ಫ್ಯಾನ್ ಗಾಳಿ ತಾಗಿದ್ರೆ ಸಹ ಚಳಕು ಹೊಡೆಯುದು. ಈ ಎಲುಬಿನದ್ದು ಹೆಚ್ಚಾಗಿ ಮಂದ ನೋವು, ದಿನವಿಡೀ ಇದ್ದುಕೊಂಡು ನುಂಗುವಾಗ, ಆಕಳಿಸುವಾಗ, ಕುತ್ತಿಗೆ ತಿರುಗಿಸುವಾಗ ಏರುದು. ಚಿಕ್ಕಮ್ಮ ಹೊಲಿಗೆ ಮೆಷಿನಿನಲ್ಲಿ ಕೂತು ಎಡಗಡೆ ಬಟ್ಟೆ ಎಳೆಯುವಾಗ ಜಾಸ್ತಿ ಆಗ್ತದೆ ಅಂತ ಎಷ್ಟು ಸಲ ಹೇಳಿದ್ದಾರೆ, ಯಾರೂ ಅದನ್ನು ಬರೆದುಕೊಳ್ಳಲೇ ಇಲ್ಲ. ಕಿವಿಯ ಎದುರು ಕಟಕಟ ಸದ್ದು, ಬಾಯಿ ತೆರೆಯುವಾಗ ಲಾಕ್ ಆಗುದು ಇದ್ರೆ ದವಡೆ ಕೀಲಿನ ಉಪದ್ರ ಇರಬಹುದು, ಅದು ಬೇರೆ.

ಹಾಂ, ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಇದನ್ನು ಓದಿ ನನ್ನದು ಎಲುಬೇ ಅಂತ ಮನೆಯಲ್ಲಿ ಕೂರಬೇಡಿ. ನಮ್ಮ ಊರಲ್ಲಿ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಎಷ್ಟು ಜನ ಇದ್ದಾರೆ ನೋಡಿ. ಒಂದೇ ಬದಿ ಕಿವಿನೋವು, ನುಂಗುವಾಗ ನೋವು ಅಂದ್ರೆ ನಾಲಿಗೆಯ ಬುಡದ, ಟಾನ್ಸಿಲಿನ ಕ್ಯಾನ್ಸರ್ ಸಹ ಹೀಗೇ ಶುರುವಾಗಬಹುದು, ಅದಕ್ಕೇ ಡಾಕ್ಟ್ರು ಮೊದಲು ಕ್ಯಾಮೆರಾ ಹಾಕಿ ನೋಡುದು. ಚಿಕ್ಕಮ್ಮನಿಗೆ ಮೊದಲು ಹಾಕಿದ ಕ್ಯಾಮೆರಾ ದಂಡ ಅಲ್ಲ, ಅದು ಆಗಲೇಬೇಕಿತ್ತು, ಎಂತದೂ ಇಲ್ಲ ಅಂತಾದ ಮೇಲೆ ಹುಡುಕುದನ್ನು ನಿಲ್ಲಿಸಿದ್ದೇ ನಂಗೆ ಸರಿ ಕಾಣದ್ದು. ಅಡಿಕೆ ಜಗಿದು ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದ ಪರಿಸ್ಥಿತಿ ಆದವರಿಗಂತೂ ಒಳಗೆ ಬೆರಳು ಹಾಕಿ ಒತ್ತಿ ನೋಡುದೇ ಕಷ್ಟ. ಮತ್ತೆ ಬೆರಳು ಹಾಕುದು ಡಾಕ್ಟರ ಕೆಲಸ, ನೀವೇ ಕನ್ನಡಿ ಎದುರು ನಿಂತು ಒತ್ತಲಿಕ್ಕೆ ಹೋಗ್ಬೇಡಿ, ಅಲ್ಲೇ ಪಕ್ಕದಲ್ಲಿ ದೊಡ್ಡ ರಕ್ತನಾಳ ಉಂಟು ಅಂತ ಈಗಷ್ಟೇ ಹೇಳಿದೆ. ಕುತ್ತಿಗೆ ತಿರುಗಿಸಿದ ಕೂಡ್ಲೇ ಕಣ್ಣು ಕತ್ತಲೆ ಬರುದು, ಒಂದು ಬದಿ ಕೈ ಸೋಲುದು, ಮಾತು ತೊದಲುದು ಇದ್ರೆ ಅಪಾಯಿಂಟ್ಮೆಂಟ್ ಕಾಯ್ಬೇಡಿ, ಸೀದಾ ಎಮರ್ಜೆನ್ಸಿ. ಅಪರೂಪಕ್ಕೆ ಈ ಎಲುಬು ಕ್ಯಾರೊಟಿಡ್ ಗೋಡೆಯನ್ನೇ ಹರಿದು ಸ್ಟ್ರೋಕ್ ಆದದ್ದೂ ಉಂಟು.

ಇನ್ನೊಂದು ಬದಿಯೂ ಇದೆ. ಚಿಕ್ಕಮ್ಮನ ಸುದ್ದಿ ಗೊತ್ತಾದ ಮೇಲೆ ನಮ್ಮ ನೆಂಟರಲ್ಲಿ ಅರ್ಧ ಜನ ಹಳೇ ಓಪಿಜಿ ಹಿಡ್ಕೊಂಡು ನನ್ನದು ಎಷ್ಟು ಉದ್ದ ನೋಡು ಅಂತ ಶುರು ಮಾಡಿದ್ರು. ದೊಡ್ಡತ್ತೆಯದ್ದಂತೂ ಎರಡೂ ಬದಿ ಭರ್ಜರಿ ಉದ್ದ, ಚಿಕ್ಕಮ್ಮನಿಗಿಂತಲೂ ಜಾಸ್ತಿ. ಅವರಿಗೆ ನೋವು? ಎಂತದೂ ಇಲ್ಲ, ಕೋರಿ ರೊಟ್ಟಿ ಕಟುಂ ಕಟುಂ ಅಂತ ತಿಂತಾರೆ. ನೂರು ಜನರಲ್ಲಿ ಸುಮಾರು ನಾಲ್ಕು ಜನಕ್ಕೆ ಈ ಎಲುಬು ಉದ್ದ ಇರ್ತದೆ ಅಂತ ಹಳೇ ಲೆಕ್ಕ, ಎಕ್ಸ್‌ರೇ, ಸಿಟಿ ಸ್ಕ್ಯಾನಿನಲ್ಲಿ ಹುಡುಕಿದವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿಯೇ ಸಿಕ್ಕಿದೆ. ಅಷ್ಟರಲ್ಲಿ ನೋವು ಬರುದು ಸ್ವಲ್ಪವೇ ಜನಕ್ಕೆ, ಹೆಚ್ಚಾಗಿ ಮೂವತ್ತು ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ. ಅಂದ್ರೆ ಫಿಲ್ಮಿನಲ್ಲಿ ಉದ್ದ ಕಂಡದ್ದು ಮಾತ್ರ ಕಾಯಿಲೆ ಅಲ್ಲ. ಫಿಲ್ಮಿನಲ್ಲಿ ಕಾಣ್ಬೇಕು, ಬೆರಳು ಒತ್ತಿದ್ರೆ ಅದೇ ನೋವು ಬರ್ಬೇಕು, ಅಲ್ಲಿ ಮರಗಟ್ಟುವ ಔಷಧ ಕೊಟ್ರೆ ಅದು ಇಳೀಬೇಕು, ಆಗ ಮಾತ್ರ ಇದೇ ಅಂತ ಹೇಳಬಹುದು. ದೊಡ್ಡತ್ತೆಗೆ ನಾನು ಹೇಳಿದ್ದು, ಫಿಲ್ಮ್ ಒಳಗಿಡಿ, ಯಾರಿಗೂ ತೋರಿಸ್ಬೇಡಿ, ಇಲ್ಲದಿದ್ರೆ ಯಾರಾದ್ರೂ ಪೊಕ್ಕಡೆ ಆಪರೇಶನ್ ಮಾಡ್ಸಿಯಾರು.

ಓಪಿಜಿಯಲ್ಲಿ ಸ್ಕೇಲ್ ಇಟ್ಟು ಅಳೆಯುದೂ ಸರಿಯಲ್ಲ, ಅದರಲ್ಲಿ ಎಲ್ಲ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣ್ತದೆ, ಮಂಡೆ ಒಂಚೂರು ಓರೆ ಇಟ್ರೆ ಎಡ ಬಲ ಬೇರೆ ಬೇರೆ ಅಳತೆ ಬರ್ತದೆ. ನನ್ನ ಕೈಯಲ್ಲೇ ತೆಗೆಯುದಲ್ವ, ನಂಗೆ ಗೊತ್ತುಂಟು. ಓಪಿಜಿ ಸಂಶಯ ಹುಟ್ಟಿಸಲಿಕ್ಕೆ, ಅಳೆಯಲಿಕ್ಕೆ ಸಿಟಿ. ಸಿಟಿಯ ತ್ರೀಡಿ ಚಿತ್ರದಲ್ಲಿ ಬುರುಡೆಯನ್ನು ಸ್ಕ್ರೀನಿನಲ್ಲಿ ಬೇಕಾದ ಹಾಗೆ ತಿರುಗಿಸಿ ನೋಡಬಹುದು, ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಕಡೆಗೆ ಬಗ್ಗಿದೆ ಎಲ್ಲ ಗೊತ್ತಾಗ್ತದೆ. ಚಿಕ್ಕಮ್ಮ ಅದನ್ನು ನೋಡಿ ಮೊದಲು ಕೇಳಿದ್ದು, "ಇದು ನನ್ನ ಮಂಡೆಯಾ? ಹಲ್ಲಿಲ್ಲದ ಜಾಗ ಕಾಣ್ತದೆ, ಹೌದು ನನ್ನದೇ." ಆಮೇಲೆ ಎಡಗಡೆಯ ಆ ಎಲುಬನ್ನು ಸ್ಕ್ರೀನಿನ ಮೇಲೇ ಉಗುರಲ್ಲಿ ಗೀಚಿದ್ರು, ಕಿತ್ತು ತೆಗೆಯುವವರ ಹಾಗೆ.

ಚಿಕಿತ್ಸೆ ಅಂದ್ರೆ ಮೊದಲು ಮಾತ್ರೆ, ನೋವಿನದ್ದು, ನರದ್ದು, ಗ್ಯಾಬಪೆಂಟಿನ್ ಕಾರ್ಬಮಾಜೆಪಿನ್ ತರದ್ದು, ಇಲ್ಲದಿದ್ರೆ ಆ ಜಾಗಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್. ಇದರಿಂದ ಎಲುಬು ಗಿಡ್ಡ ಆಗುದಿಲ್ಲ, ನೋವು ತಡೆಯಬಹುದು ಅಷ್ಟೇ. ಎಲುಬು ಕಡಿಮೆ ಮಾಡ್ಬೇಕಂದ್ರೆ ಆಪರೇಶನ್ನೇ. ಬಾಯೊಳಗಿಂದ ಮಾಡಿದ್ರೆ ಹೊರಗೆ ಕಲೆ ಇಲ್ಲ, ಆದ್ರೆ ಜಾಗ ಇಕ್ಕಟ್ಟು, ರಕ್ತನಾಳ ಸರಿಯಾಗಿ ಕಾಣುದಿಲ್ಲ, ಕುತ್ತಿಗೆಯ ಆಳಕ್ಕೆ ಇನ್ಫೆಕ್ಷನ್ ಇಳಿಯುವ ಹೆದರಿಕೆ ಉಂಟು. ಹೊರಗೆ ಕುತ್ತಿಗೆಯಿಂದ ಮಾಡಿದ್ರೆ ಎಲ್ಲ ಚಂದ ಕಾಣ್ತದೆ, ಆದ್ರೆ ಕಲೆ ಉಳಿಯುದು, ತುಟಿಯ ಬದಿಗೆ ಹೋಗುವ ನರಕ್ಕೆ ಪೆಟ್ಟಾಗದ ಹಾಗೆ ನೋಡ್ಕೊಳ್ಬೇಕು. ಹಿಂದೆಲ್ಲ ಬೆರಳಲ್ಲೇ ಒತ್ತಿ ಎಲುಬು ಮುರಿದು ಬಿಡ್ತಿದ್ದರಂತೆ, ಓದಿ ನಂಗೇ ಮೈ ಜುಂ ಆಯ್ತು, ಮುರಿದ ತುಂಡು ಅಲ್ಲೇ ಇದ್ದು ಮತ್ತೆ ಯಾವ ನರಕ್ಕೆ ಚುಚ್ಚಬೇಕೋ.

ಚಿಕ್ಕಮ್ಮ ಸದ್ಯಕ್ಕೆ ಆಪರೇಶನ್ ಬೇಡ ಅಂದಿದ್ದಾರೆ. ಇಂಜೆಕ್ಷನ್ ಆಗಿದೆ, ಮಾತ್ರೆ ನಡೀತಾ ಉಂಟು, ಮೆಷಿನನ್ನು ಗೋಡೆಯಿಂದ ಸರಿಸಿ ಬಟ್ಟೆ ಬಲಗಡೆಯಿಂದ ಬರುವ ಹಾಗೆ ಮಾಡ್ಕೊಂಡಿದ್ದಾರೆ. ಪೂರ್ತಿ ಹೋಗ್ಲಿಲ್ಲ. ಆದ್ರೆ ನೋವಿಗೆ ಹೆಸರು ಸಿಕ್ಕಿದ ಮೇಲೆ ಅವರ ಮಾತೇ ಬೇರೆ ಆಗಿದೆ, "ಇವತ್ತು ಎಲುಬು ಸ್ವಲ್ಪ ಪೋಕ್ರಿ ಮಾಡ್ತಾ ಉಂಟು" ಅಂತ ಮನೆಯ ಮಗುವಿನ ಸುದ್ದಿ ಹೇಳಿದ ಹಾಗೆ ಹೇಳ್ತಾರೆ. ಟೆನ್ಶನ್ ಅಂತ ಹೇಳಿ ಕಳಿಸಿದಾಗ ಅವರು ಮಾತೇ ಬಿಟ್ಟಿದ್ದರು.

ಇಂಥ ಸಣ್ಣ ಎಲುಬು ಇನ್ನೊಂದೂ ಉಂಟು, ಟೆರಿಗಾಯ್ಡ್ ಹ್ಯಾಮ್ಯುಲಸ್, ಮೇಲಿನ ಕೊನೆಯ ಹಲ್ಲಿನ ಹಿಂದೆ ಮೆತ್ತಗಿನ ಅಂಗುಳದ ಹತ್ತಿರ ಕೊಕ್ಕೆಯ ಹಾಗೆ ಇರುವಂಥದ್ದು, ಅಂಗುಳವನ್ನು ಎಳೆದು ಹಿಡಿಯುವ ಒಂದು ಸ್ನಾಯುವಿನ ತಂತು ಅದನ್ನು ಸುತ್ತಿಕೊಂಡು ತಿರುಗುದು. ಮೇಲಿನ ಸೆಟ್ ಹಲ್ಲು ಹಿಂದಕ್ಕೆ ಜಾಸ್ತಿ ಉದ್ದ ಮಾಡಿದ್ರೆ ಅದಕ್ಕೆ ಒತ್ತಿ ಅಂಗುಳ, ಗಂಟಲು, ಕಿವಿ ಎಲ್ಲ ನೋಯಬಹುದು. ಹೊಸ ಸೆಟ್ ಹಾಕಿದ ಅಜ್ಜಿಯಂದಿರು ಸೆಟ್ ಚುಚ್ತದೆ ಅಂದ್ರೆ ಅಭ್ಯಾಸ ಆಗ್ತದೆ ಅಂತ ಸುಮ್ಮನೆ ಕೂರಿಸ್ಬೇಡಿ, ಮಾಡಿಕೊಟ್ಟವರ ಹತ್ತಿರವೇ ವಾಪಸ್ ಕರ್ಕೊಂಡು ಹೋಗಿ ಹಿಂದಿನ ಅಂಚು ನೋಡ್ಲಿಕ್ಕೆ ಹೇಳಿ.

ಈಗ ಟೆಕ್ನಿಷಿಯನ್ ಆಗಿ ನನ್ನದೊಂದು ಕೋರಿಕೆ. ಓಪಿಜಿಯ ಫಿಲ್ಮ್ ಬಿಸಾಡ್ಬೇಡಿ, ನಮ್ಮ ಮಳೆಗಾಲಕ್ಕೆ ಒಂದರ ಮೇಲೆ ಒಂದು ಇಟ್ರೆ ಅಂಟಿಕೊಂಡು ಹಾಳಾಗ್ತದೆ, ಮಧ್ಯೆ ಪೇಪರ್ ಹಾಕಿ ಇಡಿ, ಸಿಟಿ ಆದ್ರೆ ಪ್ರಿಂಟ್ ಮಾತ್ರ ಅಲ್ಲ ಸಿಡಿ ಸಹ ಕೇಳಿ ತಗೊಳ್ಳಿ, ತಿರುಗಿಸಿ ನೋಡ್ಲಿಕ್ಕೆ ಆಗುದು ಅದರಲ್ಲೇ. ಹಲ್ಲಿಗೆ ಹುಳುಕೂ ಇಲ್ಲ, ಕೀವೂ ಇಲ್ಲ, ಆದ್ರೂ ಕೀಳುವಾ ಅಂತ ಮಾತು ಬಂದ್ರೆ ಎರಡೂ ಕೊನೆಯನ್ನು ಒಮ್ಮೆ ನೋಡ್ತೀರಾ ಅಂತ ಮರ್ಯಾದೆಯಿಂದಲೇ ಕೇಳಿ, ಯಾರೂ ಬೈಯುದಿಲ್ಲ. ಮತ್ತೆ ದಯವಿಟ್ಟು ವಾಟ್ಸಾಪಿನಲ್ಲಿ ಕಳಿಸುವಾಗ ಹಲ್ಲು ಮಾತ್ರ ದೊಡ್ಡದಾಗಿ ಕಾಣ್ಲಿ ಅಂತ ಕ್ರಾಪ್ ಮಾಡ್ಬೇಡಿ, ಆ ಎಲುಬು ಇರುವ ಅಂಚೇ ಮೊದಲು ಹಾರಿ ಹೋಗುದು.